ಫ್ರಾನ್ಸಿನ 1946ರ ಸಂವಿಧಾನ: ತಪ್ಪು ಬರಹದ್ದೋ, ಬಳಸಿದವರದ್ದೋ?

2025ರ ಅಕ್ಟೋಬರ್ 5ರ ಭಾನುವಾರ ಸಂಜೆ ಫ್ರಾನ್ಸಿನ ಪ್ರಧಾನಿ ಸೆಬಾಸ್ಟಿಯಾಂ ಲೆಕೋರ್ನು ಅವರ ಸಚಿವರ ಪಟ್ಟಿ ಹೊರಬಿತ್ತು. ಸೋಮವಾರ ಬೆಳಿಗ್ಗೆ ಅವರು ರಾಜೀನಾಮೆ ಕೊಟ್ಟರು. ಪಟ್ಟಿಯಲ್ಲಿ ಹೊಸದಾಗಿ ಹೆಸರು ಬಂದವರು ಇಲಾಖೆಯ ಬಾಗಿಲು ದಾಟುವ ಮೊದಲೇ ಮಾಜಿಗಳಾದರು. ಅದಕ್ಕೆ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 8ರಂದು, ಫ್ರಾನ್ಸ್ವಾ ಬೈರು ತಾವಾಗಿಯೇ ವಿಶ್ವಾಸಮತ ಕೇಳಿ ಸೋತಿದ್ದರು. ಪರವಾಗಿ ಬಂದದ್ದು 194 ಮತ, ವಿರುದ್ಧ 364. ಅದಕ್ಕೂ ಮೊದಲು, 2024ರ ಡಿಸೆಂಬರ್ 4ರಂದು, ಮಿಶೆಲ್ ಬಾರ್ನಿಯೆ ಅವರ ಸರ್ಕಾರ ಅವಿಶ್ವಾಸ ನಿರ್ಣಯದಿಂದ ಉರುಳಿತ್ತು. 1962ರ ನಂತರ ಹಾಗೆ ಬಿದ್ದ ಮೊದಲ ಸರ್ಕಾರ ಅದು. ರಾಜೀನಾಮೆ ಕೊಟ್ಟ ಲೆಕೋರ್ನು ಅವರನ್ನೇ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರೋನ್ ಅದೇ ವಾರ ಮತ್ತೆ ಪ್ರಧಾನಿಯಾಗಿ ನೇಮಿಸಿದರು.

ಈ ಸರಣಿ ಶುರುವಾದಾಗಿನಿಂದ ಫ್ರಾನ್ಸಿನ ರಾಜಕೀಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದು: ನಾಲ್ಕನೆಯ ಗಣರಾಜ್ಯದ ಕಾಲ ಮರಳಿ ಬಂತು. ಹೊರಗಿನವರಿಗೆ ಇದು ಇತಿಹಾಸದ ಉಲ್ಲೇಖ, ಅಲ್ಲಿನವರಿಗೆ ಬೈಗುಳ. 1946ರಿಂದ 1958ರವರೆಗೆ, ಹನ್ನೆರಡು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳನ್ನು ಕಂಡ ವ್ಯವಸ್ಥೆ ಅದು. ಅದರ ಬಗ್ಗೆ ರೂಢಿಯಲ್ಲಿರುವ ಕಥೆ ಸರಳ. ಕೈಲಾಗದ ಸಂವಿಧಾನ, ಕಚ್ಚಾಡುವ ಪಕ್ಷಗಳು, ಕೊನೆಗೆ ಜನರಲ್ ಶಾರ್ಲ್ ದ ಗಾಲ್ ಬಂದು ಗಟ್ಟಿ ಸಂವಿಧಾನ ಕೊಟ್ಟು ದೇಶವನ್ನು ಮೇಲೆತ್ತಿದರು. ಗೆದ್ದವರು ಬರೆಸಿದ ಕಥೆ ಇದು, ಅರ್ಧ ಮಾತ್ರ ನಿಜ. 1946ರ ಸಂವಿಧಾನವನ್ನು ಬರೆದವರಿಗೆ ಸರ್ಕಾರಗಳು ಬೀಳಬಾರದು ಎಂಬುದೇ ದೊಡ್ಡ ಚಿಂತೆಯಾಗಿತ್ತು. ಅವರು ಕಟ್ಟಿದ ಬೇಲಿಗಳನ್ನು ಕಿತ್ತವರು ಯಾರು, ಹೇಗೆ ಎಂಬುದನ್ನು ನೋಡದೆ ಇಂದಿನ ಫ್ರಾನ್ಸಿನ ಬಿಕ್ಕಟ್ಟಿಗೆ ಆ ಹೆಸರಿಡುವುದು ಅರ್ಥವಿಲ್ಲದ ಕೆಲಸ.

ಹಿನ್ನೆಲೆ ಚುಟುಕಾಗಿ. ಮೂರನೆಯ ಗಣರಾಜ್ಯ ಸತ್ತದ್ದು ಯುದ್ಧಭೂಮಿಯಲ್ಲಲ್ಲ, ವಿಷಿ ಪಟ್ಟಣದಲ್ಲಿ. 1940ರ ಜುಲೈ 10ರಂದು ಅಲ್ಲಿ ಸೇರಿದ ಸಂಸದರು 569 ಮತಗಳಿಂದ ಮಾರ್ಷಲ್ ಪೆತಾಂ ಕೈಗೆ ಸರ್ವಾಧಿಕಾರ ಒಪ್ಪಿಸಿದರು. ಬೇಡ ಎಂದವರು 80 ಮಂದಿ. ನಾಲ್ಕು ವರ್ಷಗಳ ಬಳಿಕ ದೇಶ ಜರ್ಮನಿಯ ಹಿಡಿತದಿಂದ ಬಿಡುಗಡೆಯಾದಾಗ ಹಳೆಯ ವ್ಯವಸ್ಥೆಗೆ ಮರಳುವ ಆಸೆ ಯಾರಿಗೂ ಹೆಚ್ಚು ಉಳಿದಿರಲಿಲ್ಲ. 1945ರ ಅಕ್ಟೋಬರ್ 21ರ ಜನಮತಗಣನೆಯಲ್ಲಿ ಶೇ 96ರಷ್ಟು ಜನ ಹೊಸ ಸಂವಿಧಾನ ಬೇಕೆಂದರು. ಫ್ರಾನ್ಸಿನ ಮಹಿಳೆಯರು ರಾಷ್ಟ್ರಮಟ್ಟದ ಮತದಾನದಲ್ಲಿ ಪಾಲ್ಗೊಂಡದ್ದು ಅದೇ ಮೊದಲು.

ಹೊಸತು ಬೇಕೆಂಬ ಒಮ್ಮತ ಅಲ್ಲಿಗೇ ನಿಂತಿತು. ಸಂವಿಧಾನ ರಚನಾ ಸಭೆಯಲ್ಲಿ ಕಮ್ಯುನಿಸ್ಟರು, ಸಮಾಜವಾದಿಗಳು ಮತ್ತು ಕ್ರೈಸ್ತ ಪ್ರಜಾಸತ್ತಾವಾದಿಗಳ ಹೊಸ ಪಕ್ಷವಾದ ಎಂಆರ್‌ಪಿ, ಈ ಮೂವರು ಹೆಚ್ಚುಕಡಿಮೆ ಸರಿಸಮ ಬಲದಲ್ಲಿದ್ದರು. ಪಕ್ಷಗಳ ಜತೆ ಹೊಂದಿಕೊಳ್ಳಲಾಗದೆ ದ ಗಾಲ್ 1946ರ ಜನವರಿ 20ರಂದು ಸರ್ಕಾರದ ಮುಖ್ಯಸ್ಥನ ಸ್ಥಾನ ಬಿಟ್ಟು ಹೊರನಡೆದರು. ಎಡಪಕ್ಷಗಳೆರಡೂ ಸೇರಿ ರೂಪಿಸಿದ ಮೊದಲ ಕರಡಿನಲ್ಲಿ ಒಂದೇ ಸದನವಿತ್ತು, ಅಧ್ಯಕ್ಷ ಹೆಸರಿಗೆ ಮಾತ್ರ ಇದ್ದ. ಮೇ 5ರಂದು ಸುಮಾರು ಶೇ 53ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಸರ್ಕಾರ ಮುಂದಿಟ್ಟ ಜನಮತಗಣನೆಗೆ ಫ್ರೆಂಚರು ಬೇಡ ಎಂದದ್ದು ಅದೇ ಮೊದಲು. ಎರಡನೆಯ ಸಭೆಯನ್ನು ಚುನಾಯಿಸಿ, ರಾಜಿಯ ಕರಡು ಬರೆದು, ಅಕ್ಟೋಬರ್ 13ರಂದು ಮತ್ತೆ ಜನರ ಮುಂದಿಟ್ಟರು. ಸುಮಾರು 93 ಲಕ್ಷ ಜನ ಒಪ್ಪಿದರು, 82 ಲಕ್ಷ ಜನ ಒಪ್ಪಲಿಲ್ಲ, ಸುಮಾರು 85 ಲಕ್ಷ ಜನ ಮತಗಟ್ಟೆಯ ಕಡೆಗೇ ಬರಲಿಲ್ಲ. ಮೂರರಲ್ಲಿ ಒಂದು ಪಾಲು ಜನ ವಿಧಿಯಿಲ್ಲದೆ ಒಪ್ಪಿದರು, ಒಂದು ಪಾಲು ತಿರಸ್ಕರಿಸಿದರು, ಒಂದು ಪಾಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದು ದ ಗಾಲ್ ಕುಟುಕಿದ್ದು ಈ ಅಂಕಿಗಳನ್ನೇ ಹಿಡಿದು. ಅಕ್ಟೋಬರ್ 27ರಂದು ಸಂವಿಧಾನವನ್ನು ವಿಧ್ಯುಕ್ತವಾಗಿ ಪ್ರಕಟಿಸಿದರು. ದೆಹಲಿಯಲ್ಲಿ ನಮ್ಮ ಸಂವಿಧಾನ ರಚನಾ ಸಭೆ ಮೊದಲ ಬಾರಿ ಸೇರಲು ಆಗ ಇನ್ನೂ ಆರು ವಾರ ಬಾಕಿಯಿತ್ತು.

ಈಗ ಬರಹದ ವಿಚಾರಕ್ಕೆ ಬರೋಣ. 45ನೆಯ ವಿಧಿಯ ಪ್ರಕಾರ ಅಧ್ಯಕ್ಷರು ಸೂಚಿಸಿದ ವ್ಯಕ್ತಿ ತನ್ನ ಕಾರ್ಯಕ್ರಮವನ್ನು ಹಿಡಿದು ಒಬ್ಬನೇ ಸದನದ ಮುಂದೆ ನಿಲ್ಲಬೇಕು. ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಪಡೆಯಬೇಕು. ಆಮೇಲಷ್ಟೇ ಸಚಿವರ ನೇಮಕ. ಇದರ ಹಿಂದಿನ ಲೆಕ್ಕಾಚಾರ ಜಾಣತನದ್ದು. ಮೊದಲು ಪ್ರಧಾನಿಗೆ ಸದನದ ಬಲ ಸಿಕ್ಕಿಬಿಟ್ಟರೆ ಖಾತೆಗಳ ಹಂಚಿಕೆಯಲ್ಲಿ ಪಕ್ಷಗಳು ಅವನ ಕೈಕಟ್ಟಲಾರವು. ಕೆಳಗಿಳಿಸುವುದೂ ಸುಲಭವಾಗಿರಲಿಲ್ಲ. 49 ಮತ್ತು 50ನೆಯ ವಿಧಿಗಳ ಪ್ರಕಾರ ವಿಶ್ವಾಸದ ಪ್ರಶ್ನೆಗೂ ಮತದಾನಕ್ಕೂ ನಡುವೆ ಒಂದು ಪೂರ್ತಿ ದಿನದ ಅಂತರವಿರಬೇಕು, ಸರ್ಕಾರ ಬೀಳಬೇಕಾದರೆ ಒಟ್ಟು ಸದಸ್ಯಬಲದ ಬಹುಮತ ಅದರ ವಿರುದ್ಧ ಬರಬೇಕು. ಸಂಸದರು ಹಾಗೂ ಹೀಗೂ ಸರ್ಕಾರಗಳನ್ನು ಉರುಳಿಸುತ್ತಲೇ ಹೋದರೆ 51ನೆಯ ವಿಧಿಯ ಚಾವಟಿ: ಹದಿನೆಂಟು ತಿಂಗಳಲ್ಲಿ ಎರಡು ಸರ್ಕಾರಗಳು ಈ ವಿಧಿಗಳ ಪ್ರಕಾರ ಬಿದ್ದರೆ ಸದನವನ್ನೇ ವಿಸರ್ಜಿಸಬಹುದು. ಕಾಗದದ ಮೇಲೆ ಇದನ್ನು ದುರ್ಬಲ ಎನ್ನಲಾಗದು.

ಬೇಲಿ ಮುರಿಯಲು ಮೂರೇ ತಿಂಗಳು ಸಾಕಾಯಿತು. ಮೊದಲ ಪ್ರಧಾನಿ ಪೋಲ್ ರಾಮಾದಿಯೆ 1947ರ ಜನವರಿ 21ರಂದು 45ನೆಯ ವಿಧಿಯಂತೆ ಸದನದ ಒಪ್ಪಿಗೆ ಪಡೆದರು. ಅಲ್ಲಿಗೆ ಮುಗಿಯಬೇಕಿತ್ತು. ಅವರು ಸಂಪುಟ ರಚಿಸಿ ಜನವರಿ 28ರಂದು ಮತ್ತೆ ಸದನಕ್ಕೆ ಬಂದು, ಈ ಸಂಪುಟಕ್ಕೂ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು. ಹಾಗೆ ಕೇಳು ಎಂದು ಸಂವಿಧಾನ ಹೇಳಿರಲಿಲ್ಲ. ಸಂಸತ್ತಿನಲ್ಲಿ ಹಳೆಯ ಕಾಲದಿಂದ ಬೆಳೆದ ವ್ಯಕ್ತಿಗೆ ಹಳೆಯ ಮರ್ಯಾದೆ ಬಿಡಲು ಮನಸ್ಸು ಬರಲಿಲ್ಲ ಅಷ್ಟೇ. ಅವರ ನಂತರ ಬಂದವರು ಅದನ್ನೇ ಸಂಪ್ರದಾಯ ಮಾಡಿಕೊಂಡರು. ಕಾರ್ಯಕ್ರಮಕ್ಕೆ ಒಂದು ಪರೀಕ್ಷೆ, ಖಾತೆ ಹಂಚಿಕೆಗೆ ಇನ್ನೊಂದು. ಎರಡನೆಯದರಲ್ಲೇ ಪಕ್ಷಗಳು ಚೌಕಾಸಿಗೆ ಕೂತವು. 1948ರ ಸೆಪ್ಟೆಂಬರ್‌ನಲ್ಲಿ ರಾಬರ್ಟ್ ಷೂಮನ್ ಅವರ ಎರಡನೆಯ ಸರ್ಕಾರ, 1950ರ ಜುಲೈನಲ್ಲಿ ಆಂರಿ ಕೆಯ್ ಅವರ ಸರ್ಕಾರ, ಇವೆರಡೂ ಸಂಪುಟವನ್ನು ಸದನಕ್ಕೆ ಪರಿಚಯಿಸುವ ಹಂತದಲ್ಲೇ ಬಿದ್ದವು. ಎರಡು ದಿನದ ಆಯುಸ್ಸು. ಲೆಕೋರ್ನು ಅವರ ಒಂದು ರಾತ್ರಿಯ ಸಂಪುಟವನ್ನು ನೆನೆದರೆ ಅದೂ ದೀರ್ಘವೇ.

ಕೆಳಗಿಳಿಯುವ ವಿಷಯದಲ್ಲಿಯೂ ಹೀಗೆಯೇ. ಸದನದಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಬೇಡ ಎಂದರೆ ಸಾಕು, ಪ್ರಧಾನಿಗಳು ರಾಜೀನಾಮೆ ಕೊಟ್ಟು ಹೊರಟರು. ಒಟ್ಟು ಸದಸ್ಯಬಲದ ಬಹುಮತ ತಮ್ಮ ವಿರುದ್ಧ ಬಂದಿಲ್ಲ, ಸಂವಿಧಾನದ ಪ್ರಕಾರ ನಾವು ಬಿದ್ದೇ ಇಲ್ಲ ಎಂದು ಕುರ್ಚಿಯಲ್ಲಿ ಉಳಿಯಬಹುದಿತ್ತು. ಆದರೆ ಬಜೆಟ್ಟಾಗಲಿ ಮಸೂದೆಯಾಗಲಿ ಮುಂದೆ ಸಾಗದಿದ್ದಾಗ ಬರಿಯ ಕುರ್ಚಿಯಿಂದ ಏನು ಪ್ರಯೋಜನ? ಇದರ ಪರಿಣಾಮ ಮಾತ್ರ ವಿಚಿತ್ರ. ಸರ್ಕಾರ ವಿಧಿಯ ಪ್ರಕಾರ ಬೀಳದೆ ತಾನಾಗಿ ಹೊರಟಿದ್ದರಿಂದ 51ನೆಯ ವಿಧಿಯ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ, ಸದನ ವಿಸರ್ಜನೆಯ ಭಯ ಸಂಸದರನ್ನು ತಟ್ಟುತ್ತಲೂ ಇರಲಿಲ್ಲ. ವಿರೋಧಿಗಳು ಲೆಕ್ಕ ಹಾಕಿಯೇ ಮತ ಹಾಕುತ್ತಿದ್ದರು: ಸರ್ಕಾರ ಬೀಳುವಷ್ಟು, ಸದನ ಮುಳುಗದಷ್ಟು.

ಒಮ್ಮೆ ಆ ಲೆಕ್ಕ ತಪ್ಪಿತು. 1955ರ ಫೆಬ್ರವರಿ 5ರಂದು ಪಿಯರ್ ಮೆಂಡೆಸ್ ಫ್ರಾನ್ಸ್ ಅವರ ವಿರುದ್ಧ 319 ಮತ ಬಿದ್ದವು. ಅದೇ ವರ್ಷ ನವೆಂಬರ್ 29ರಂದು ಎಡ್ಗರ್ ಫೋರ್ ಅವರ ವಿರುದ್ಧ 318. ಎರಡೂ ಒಟ್ಟು ಸದಸ್ಯಬಲದ ಅರ್ಧವನ್ನು ದಾಟಿದ್ದವು, ಎರಡರ ನಡುವೆ ಹದಿನೆಂಟು ತಿಂಗಳಿಗಿಂತ ಕಡಿಮೆ ಅಂತರ. ಫೋರ್ ಕೈಗೆ ಚಾವಟಿ ಸಿಕ್ಕಿತು, ಬೀಸಿಯೇ ಬಿಟ್ಟರು. ಡಿಸೆಂಬರ್ 2ರಂದು ಸದನ ವಿಸರ್ಜನೆಯಾಯಿತು. 1877ರ ನಂತರ ಫ್ರಾನ್ಸಿನಲ್ಲಿ ಸದನ ವಿಸರ್ಜನೆಯಾದದ್ದು ಅದೇ ಮೊದಲು. ಸಂವಿಧಾನ ಕೊಟ್ಟ ಅಧಿಕಾರವನ್ನು ಅಕ್ಷರಶಃ ಬಳಸಿದ ತಪ್ಪಿಗೆ ಅವರ ಸ್ವಂತ ಪಕ್ಷವಾದ ರ‍್ಯಾಡಿಕಲ್ ಪಕ್ಷ ಅವರನ್ನು ಹೊರಹಾಕಿತು! ಆ ಕಾಲದ ರಾಜಕಾರಣಿಗಳ ಮನಸ್ಥಿತಿ ತಿಳಿಯಲು ಈ ಒಂದು ಪ್ರಸಂಗ ಸಾಕು.

ಎದುರು ಉದಾಹರಣೆಯೂ ಇದೆ, ಅದು ಮೆಂಡೆಸ್ ಫ್ರಾನ್ಸ್ ಅವರದೇ. 1954ರ ಮೇ 7ರಂದು ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೇನೆ ಸೋತು ಶರಣಾಯಿತು. ಮುಂದಿನ ತಿಂಗಳು ಪ್ರಧಾನಿಯಾದ ಮೆಂಡೆಸ್ ಫ್ರಾನ್ಸ್, ಜುಲೈ 20ರೊಳಗೆ ಶಾಂತಿ ಒಪ್ಪಂದ ತರುತ್ತೇನೆ, ಇಲ್ಲವೇ ರಾಜೀನಾಮೆ ಕೊಡುತ್ತೇನೆ ಎಂದು ಸದನದ ಮುಂದೆ ಗಡುವು ಹಾಕಿಕೊಂಡರು. ಖಾತೆ ಹಂಚಿಕೆಗೆ ಪಕ್ಷಗಳ ಕಚೇರಿಗಳಿಗೆ ಅಲೆಯಲಿಲ್ಲ. ಕಮ್ಯುನಿಸ್ಟರ ಮತಗಳನ್ನು ತಮ್ಮ ಬಹುಮತದ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದೂ ಹೇಳಿದರು. ಜಿನೀವಾ ಒಪ್ಪಂದ ಗಡುವಿಗೆ ಸರಿಯಾಗಿ ಆಯಿತು. ಅಂದರೆ 45ನೆಯ ವಿಧಿಯನ್ನು ಬರೆದವರ ಮನಸ್ಸಿನಲ್ಲಿದ್ದ ಪ್ರಧಾನಿ ಒಬ್ಬನಾದರೂ ಆ ವ್ಯವಸ್ಥೆಯಲ್ಲಿ ಬಂದು ಕೆಲಸ ಮಾಡಿ ತೋರಿಸಿದ. ವಿಪರ್ಯಾಸವೆಂದರೆ ಅವರ ಕಾಲದಲ್ಲೇ, 1954ರ ಡಿಸೆಂಬರ್ 7ರಂದು, ಸಂವಿಧಾನಕ್ಕೆ ತಿದ್ದುಪಡಿ ತಂದು 45ನೆಯ ವಿಧಿಯನ್ನು ಸಡಿಲಿಸಿದರು. ಪ್ರಧಾನಿಗೆ ಸಾಮಾನ್ಯ ಬಹುಮತ ಸಾಕು, ಆದರೆ ಸಚಿವರ ಪಟ್ಟಿ ಮೊದಲೇ ಕೈಯಲ್ಲಿರಬೇಕು ಎಂದಾಯಿತು. ರಾಮಾದಿಯೆ ಶುರುಮಾಡಿದ ಅಡ್ಡಹಾದಿಗೆ ಡಾಂಬರು ಹಾಕಿದಂತಾಯಿತು.

ಹಾಗಾದರೆ ಬರಹ ಗಟ್ಟಿಯಿದ್ದರೂ ಸರ್ಕಾರಗಳು ಏಕೆ ನಿಲ್ಲಲಿಲ್ಲ? ಸದನದ ಗಣಿತ ನೋಡಬೇಕು. 1947ರ ಮೇ ತಿಂಗಳಲ್ಲಿ ರಾಮಾದಿಯೆ ಕಮ್ಯುನಿಸ್ಟ್ ಸಚಿವರನ್ನು ವಜಾ ಮಾಡಿದ ಮೇಲೆ, ಮತದಾರರಲ್ಲಿ ಕಾಲುಭಾಗದ ಬೆಂಬಲವಿದ್ದ ಪಕ್ಷ ಶಾಶ್ವತವಾಗಿ ಆಟದಿಂದ ಹೊರಗುಳಿಯಿತು. ಅದೇ ವರ್ಷ ದ ಗಾಲ್ ಕಟ್ಟಿದ ಸಂಘಟನೆ ಈ ಸಂವಿಧಾನವನ್ನೇ ಒಪ್ಪುತ್ತಿರಲಿಲ್ಲ. ಎರಡು ದಡಗಳೂ ವ್ಯವಸ್ಥೆಯ ವಿರುದ್ಧ. ನಡುವೆ ಉಳಿದ ಸಮಾಜವಾದಿ, ಎಂಆರ್‌ಪಿ, ರ‍್ಯಾಡಿಕಲ್ ಮತ್ತು ಸಂಪ್ರದಾಯವಾದಿ ಪಕ್ಷಗಳು ಸರ್ಕಾರ ನಡೆಸಬೇಕು. ಚರ್ಚಿನ ಶಾಲೆಗಳಿಗೆ ಸಹಾಯಧನ ಎಂದರೆ ಸಮಾಜವಾದಿಗಳು ಎಂಆರ್‌ಪಿಯಿಂದ ದೂರ, ಸಂಬಳ ಮತ್ತು ತೆರಿಗೆ ಎಂದರೆ ಸಂಪ್ರದಾಯವಾದಿಗಳಿಂದ ದೂರ, ಯುರೋಪಿನ ದೇಶಗಳ ಜಂಟಿ ಸೇನೆ ಎಂದರೆ ತಮ್ಮೊಳಗೇ ಎರಡು ಹೋಳು. 1951ರಲ್ಲಿ ಚುನಾವಣಾ ಕಾಯ್ದೆಯನ್ನೇ ತಿರುಚಿ, ಮೈತ್ರಿ ಘೋಷಿಸಿದ ಪಕ್ಷಗಳಿಗೆ ಸೀಟು ಹೆಚ್ಚು ಸಿಗುವಂತೆ ಮಾಡಿದರು. ಕಮ್ಯುನಿಸ್ಟರ ಸ್ಥಾನಗಳು ಕುಗ್ಗಿದವು, ನಡುವಿನ ಪಕ್ಷಗಳ ಜಗಳ ಕುಗ್ಗಲಿಲ್ಲ. ಇನ್ನೊಂದು ಮಾತು: ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಫ್ರಾನ್ಸಿನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ವಿಪ್ ಮೀರಿದ ಸಂಸದ ಅಲ್ಲಿ ಸ್ಥಾನ ಕಳೆದುಕೊಳ್ಳುವುದಿಲ್ಲ.

ಆದರೂ ಆ ಹನ್ನೆರಡು ವರ್ಷಗಳನ್ನು ಬರಿಯ ಕುರ್ಚಿಯಾಟ ಎಂದು ತಳ್ಳಿಹಾಕುವವರು ಲೆಕ್ಕ ಸರಿಯಾಗಿ ಓದಿಲ್ಲ. ಸರ್ಕಾರಗಳು ಬದಲಾದರೂ ಮುಖಗಳು ಅಷ್ಟಾಗಿ ಬದಲಾಗಲಿಲ್ಲ. ಯುದ್ಧಾನಂತರದ ಹತ್ತು ವರ್ಷ ವಿದೇಶಾಂಗ ಖಾತೆ ಬಹುಪಾಲು ಜಾರ್ಜ್ ಬಿದೋ ಮತ್ತು ಷೂಮನ್ ಇವರಿಬ್ಬರ ಕೈಯಲ್ಲೇ ಇತ್ತು. ಜಾನ್ ಮೊನೆ ಅವರ ಕೈಗಾರಿಕಾ ಯೋಜನೆ, 1950ರ ಕನಿಷ್ಠ ವೇತನ ಕಾಯ್ದೆ, 1951ರ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ, 1957ರ ಮಾರ್ಚ್ 25ರ ರೋಮ್ ಒಪ್ಪಂದ ಇವೆಲ್ಲ ಆ 'ಅಸ್ಥಿರ' ಕಾಲದವು. ಇಂದಿನ ಐರೋಪ್ಯ ಒಕ್ಕೂಟದ ಅಡಿಪಾಯ ಹಾಕಿದ್ದು ಆರು ತಿಂಗಳಿಗೊಮ್ಮೆ ಬೀಳುತ್ತಿದ್ದ ಸರ್ಕಾರಗಳೇ.

ಅವುಗಳಿಂದ ಆಗದೇ ಹೋದದ್ದು ವಸಾಹತುಗಳನ್ನು ಬಿಡುವ ಕೆಲಸ. ಅದರಲ್ಲೂ ಒಂದು ಚಿಕ್ಕ ಅಪವಾದವಿದೆ, ಅದು ನಮ್ಮ ನೆರೆಯದು. ಪುದುಚೇರಿ, ಕಾರೈಕಲ್, ಮಾಹೆ, ಯಾನಂ ಇವು 1946ರ ಸಂವಿಧಾನದಡಿ ಫ್ರೆಂಚ್ ಒಕ್ಕೂಟದ ಭಾಗಗಳಾಗಿದ್ದವು. ಇಲ್ಲಿಂದ ಪ್ಯಾರಿಸ್‌ನ ಸದನಕ್ಕೆ ಸಂಸದನೂ ಹೋಗುತ್ತಿದ್ದ. ಈ ಪ್ರದೇಶಗಳನ್ನು ಭಾರತಕ್ಕೆ ಒಪ್ಪಿಸಲು 27ನೆಯ ವಿಧಿ ಅಡ್ಡವಿತ್ತು: ಅಲ್ಲಿನ ಜನರ ಒಪ್ಪಿಗೆಯಿಲ್ಲದೆ ಯಾವ ಭೂಭಾಗವನ್ನೂ ಬಿಟ್ಟುಕೊಡುವಂತಿಲ್ಲ. ಬಂಗಾಳದ ಚಂದ್ರನಗರದಲ್ಲಿ 1949ರಲ್ಲಿ ನೇರ ಜನಮತಗಣನೆಯೇ ನಡೆಯಿತು. ಉಳಿದ ನಾಲ್ಕರಲ್ಲಿ ಅದನ್ನು ಹೇಗೆ ನಡೆಸಬೇಕು, ನಿಗಾ ಯಾರದು ಎಂಬ ತಕರಾರು ವರ್ಷಗಟ್ಟಲೆ ಎಳೆಯಿತು. ಮೆಂಡೆಸ್ ಫ್ರಾನ್ಸ್ ಅದಕ್ಕೂ ದಾರಿ ಹುಡುಕಿದರು. 1954ರ ಅಕ್ಟೋಬರ್ 18ರಂದು ಪುದುಚೇರಿಯ ಕೀಳೂರು ಎಂಬ ಹಳ್ಳಿಯಲ್ಲಿ ಚುನಾಯಿತ ಪ್ರತಿನಿಧಿಗಳು 178 ಮಂದಿ ಸೇರಿ ಮತ ಹಾಕಿದರು. ವಿಲೀನದ ಪರ 170, ವಿರುದ್ಧ 8. ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. 1956ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿಯಾದರೂ ಫ್ರಾನ್ಸಿನ ಸಂಸತ್ತು ಅದನ್ನು ಅಂಗೀಕರಿಸುವ ಹೊತ್ತಿಗೆ ಆ ಗಣರಾಜ್ಯವೇ ಇರಲಿಲ್ಲ. ಕಾನೂನಿನ ಪ್ರಕಾರ ವಿಲೀನ ಪೂರ್ಣವಾದದ್ದು 1962ರ ಆಗಸ್ಟ್ 16ರಂದು. 27ನೆಯ ವಿಧಿಯ ಆ ವಾಕ್ಯ ಮಾತ್ರ ಈಗಿನ ಸಂವಿಧಾನದ 53ನೆಯ ವಿಧಿಯಲ್ಲಿ ಹಾಗೆಯೇ ಉಳಿದಿದೆ.

ಅಲ್ಜೀರಿಯಾದಲ್ಲಿ ಕೀಳೂರು ಸಾಧ್ಯವಿರಲಿಲ್ಲ. ಹತ್ತು ಲಕ್ಷದಷ್ಟು ಯುರೋಪಿಯನ್ ಮೂಲದವರು ಅಲ್ಲಿ ನೆಲೆಸಿದ್ದರು. ಪ್ಯಾರಿಸ್ ಅದನ್ನು ವಸಾಹತು ಎಂದೇ ಕರೆಯುತ್ತಿರಲಿಲ್ಲ, ಫ್ರಾನ್ಸಿನದೇ ಜಿಲ್ಲೆಗಳು ಎನ್ನುತ್ತಿತ್ತು. 1956ರ ಫೆಬ್ರವರಿ 6ರಂದು ಪ್ರಧಾನಿ ಗಿ ಮೊಲೆ ಆಲ್ಜೀರ್ಸ್‌ಗೆ ಹೋದಾಗ ಈ ಯುರೋಪಿಯನ್ ಮೂಲದವರು ಅವರ ಮೇಲೆ ಟೊಮೆಟೊ ತೂರಿದರು, ಮೊಲೆ ಹಿಂದೆ ಸರಿದು ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಯುದ್ಧದ ದಾರಿ ಹಿಡಿದರು. ಮುಂದಿನ ತಿಂಗಳು ಸದನ ಅವರಿಗೆ ವಿಶೇಷಾಧಿಕಾರ ಕೊಟ್ಟದ್ದು 76ಕ್ಕೆ ಪ್ರತಿಯಾಗಿ 455 ಮತಗಳಿಂದ, ಕಮ್ಯುನಿಸ್ಟರೂ ಸೇರಿ. ಮೊಲೆ ಅವರದು ಆ ಗಣರಾಜ್ಯದ ಅತಿ ದೀರ್ಘ ಸರ್ಕಾರ, ಅತಿ ದೊಡ್ಡ ತಪ್ಪುಗಳನ್ನು ಮಾಡಿದ್ದೂ ಅದೇ. ಸ್ಥಿರತೆಯ ಜಪ ಮಾಡುವವರು ಇದನ್ನು ಗಮನಿಸುವುದಿಲ್ಲ. 1958ರ ಮೇ 13ರಂದು ಆಲ್ಜೀರ್ಸ್‌ನಲ್ಲಿ ಜನರ ಗುಂಪು ಮತ್ತು ಸೇನಾಧಿಕಾರಿಗಳು ಸೇರಿ ಸರ್ಕಾರಿ ಕಚೇರಿಯನ್ನು ವಶಪಡಿಸಿಕೊಂಡರು, ಹನ್ನೊಂದು ದಿನಗಳಲ್ಲಿ ಕಾರ್ಸಿಕಾ ದ್ವೀಪವೂ ದಂಗೆಕೋರರ ಕೈಸೇರಿತು. ಅಧ್ಯಕ್ಷ ರೆನೆ ಕೋಟಿ ದ ಗಾಲ್ ಅವರನ್ನು ಕರೆಸಿದರು. ಜೂನ್ 1ರಂದು ಸದನ 329 ಮತಗಳಿಂದ ಅವರನ್ನು ಒಪ್ಪಿತು, 224 ಮಂದಿ ವಿರೋಧಿಸಿದರು. ಸೇನೆ ಮಾತು ಕೇಳದಾಗ ಯಾವ ವಿಧಿಯನ್ನು ಓದಿ ಹೇಳುತ್ತೀರಿ?

ಇಂದಿಗೂ ಜಾರಿಯಲ್ಲಿರುವ ಹೊಸ ಸಂವಿಧಾನವನ್ನು ಬರೆಯಲು ಕೂತವರಲ್ಲಿ ದ ಗಾಲ್ ಅವರ ನಂಬಿಕೆಯ ಮಿಶೆಲ್ ದೆಬ್ರೆ ಇದ್ದಂತೆ ಹಳೆಯ ಪ್ರಧಾನಿಗಳಾದ ಮೊಲೆ ಮತ್ತು ಪಿಯರ್ ಫ್ಲಿಮ್ಲಾಂ ಕೂಡ ಇದ್ದರು. ತಾವು ಎಲ್ಲಿ ಎಡವಿದೆವು ಎಂಬುದು ಈ ಇಬ್ಬರಿಗೂ ಮೈಗೆ ತಿಳಿದಿತ್ತು. ಹಾಗಾಗಿ 1958ರ 49ನೆಯ ವಿಧಿಯಲ್ಲಿ ಹಳೆಯ ಕಳ್ಳಗಂಡಿಗಳನ್ನೆಲ್ಲ ಮುಚ್ಚಿದರು. ಅವಿಶ್ವಾಸ ನಿರ್ಣಯದಲ್ಲಿ ಪರವಾದ ಮತಗಳನ್ನಷ್ಟೇ ಎಣಿಸುವುದು, ಗೈರುಹಾಜರಾದವರು ಸರ್ಕಾರದ ಕಡೆಯೇ ಎಂದು ಲೆಕ್ಕ. ಅದೇ ವಿಧಿಯ ಮೂರನೆಯ ಉಪವಿಧಿ, ಅಂದರೆ ಈಗ ಜಗತ್ತಿಗೇ ಗೊತ್ತಾಗಿರುವ 49.3, ಸರ್ಕಾರಕ್ಕೆ ಹೀಗೆ ಹೇಳುವ ಅಧಿಕಾರ ಕೊಡುತ್ತದೆ: ಈ ಮಸೂದೆ ಮತಕ್ಕೆ ಹಾಕದೆಯೇ ಅಂಗೀಕಾರವಾಯಿತು, ಬೇಡವಾದರೆ ನಮ್ಮನ್ನು ಕೆಳಗಿಳಿಸಿ. ವಿಸರ್ಜನೆಗೆ ಹದಿನೆಂಟು ತಿಂಗಳ ಷರತ್ತೂ ಹೋಯಿತು; ಒಮ್ಮೆ ಚುನಾವಣೆಯಾದರೆ ಒಂದು ವರ್ಷ ಮತ್ತೆ ವಿಸರ್ಜಿಸಬಾರದು ಎಂಬುದಷ್ಟೇ ಉಳಿಯಿತು.

ಹಳೆಯ ಸಂವಿಧಾನದ ಒಂದು ಭಾಗ ಮಾತ್ರ ಸಾಯಲಿಲ್ಲ. 1946ರ ಪೀಠಿಕೆ ಮಹಿಳೆಗೆ ಸಮಾನ ಹಕ್ಕು, ಮುಷ್ಕರ ಮತ್ತು ಕಾರ್ಮಿಕ ಸಂಘದ ಹಕ್ಕು, ಆಶ್ರಯದ ಹಕ್ಕು, ಆರೋಗ್ಯ ರಕ್ಷಣೆ, ಉಚಿತ ಹಾಗೂ ಧರ್ಮನಿರಪೇಕ್ಷ ಶಿಕ್ಷಣ ಎಲ್ಲವನ್ನೂ ಸಾರಿತ್ತು. ತನ್ನ ಕಾಲದಲ್ಲಿ ಅದಕ್ಕೆ ಹಲ್ಲೇ ಇರಲಿಲ್ಲ. ಕಾನೂನುಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ವ್ಯಾಪ್ತಿಯಿಂದ ಪೀಠಿಕೆಯನ್ನು ಬೇಕೆಂದೇ ಹೊರಗಿಟ್ಟಿದ್ದರು. 1958ರ ಸಂವಿಧಾನ ತನ್ನ ಪೀಠಿಕೆಯಲ್ಲಿ ಅದನ್ನು ನೆನೆಯಿತು. 1971ರ ಜುಲೈ 16ರ ತೀರ್ಪಿನಲ್ಲಿ, ಕಾನೂನುಗಳನ್ನು ಸಂವಿಧಾನಕ್ಕೆ ಒರೆಹಚ್ಚಿ ನೋಡುವ ಸಂವಿಧಾನ ಮಂಡಳಿ ಆ ನೆನಕೆಗೆ ಕಾನೂನಿನ ಬಲವಿದೆ ಎಂದಿತು. ಇಂದು ಫ್ರಾನ್ಸಿನಲ್ಲಿ ಮುಷ್ಕರದ ಹಕ್ಕಿನ ಬಗ್ಗೆ ವಾದಿಸುವ ವಕೀಲರು ಎತ್ತಿ ಹೇಳುವುದು ಆ ಬೈಗುಳಕ್ಕೆ ಗುರಿಯಾದ ಗಣರಾಜ್ಯದ ಸಾಲುಗಳನ್ನೇ.

ಈಗ ಇಂದಿನ ಸದನಕ್ಕೆ ಬರೋಣ. 2024ರ ಜೂನ್ 9ರಂದು ಮ್ಯಾಕ್ರೋನ್ ದಿಢೀರನೆ ಸದನ ವಿಸರ್ಜಿಸಿದರು. ಹೊಸ ಸದನದ 577 ಸ್ಥಾನಗಳಲ್ಲಿ ಎಡಕೂಟ, ಮ್ಯಾಕ್ರೋನ್ ಕೂಟ, ಕಡು ಬಲಪಂಥದ ನ್ಯಾಷನಲ್ ರ‍್ಯಾಲಿ ಇವರಲ್ಲಿ ಯಾರಿಗೂ 200 ದಾಟಲಿಲ್ಲ, ಬೇಕಾದದ್ದು 289. ನಾಲ್ಕನೆಯ ಗಣರಾಜ್ಯದಲ್ಲಿ ಅನುಪಾತ ಪದ್ಧತಿಯ ಚುನಾವಣೆಯೇ ಸದನವನ್ನು ಚೂರು ಮಾಡಿತು ಎನ್ನುತ್ತಿದ್ದರು. ಈಗ ಎರಡು ಸುತ್ತಿನ ಕ್ಷೇತ್ರವಾರು ಚುನಾವಣೆಯೂ ಅದನ್ನೇ ಮಾಡಿದೆ. ಹಳೆಯ ವ್ಯವಸ್ಥೆಯಲ್ಲಿ ಸರ್ಕಾರವಿಲ್ಲದೆ ಕಳೆದ ದೀರ್ಘ ಅವಧಿಗಳು ಸುಮಾರು ಐದು ವಾರದವು. 2024ರಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ 5ರವರೆಗೆ, ಏಳು ವಾರ, ಉಸ್ತುವಾರಿ ಸರ್ಕಾರವೇ ನಡೆಯಿತು. ದಾಖಲೆ ಮುರಿದದ್ದು ಗಟ್ಟಿ ಸಂವಿಧಾನ.

ವ್ಯತ್ಯಾಸ ಇರುವುದು ಬೇರೆ ಕಡೆ. 1950ರ ದಶಕದ ನಾಯಕರಿಗೆ ರಾಜಿ ಮಾಡಿಕೊಳ್ಳುವುದು ದಿನನಿತ್ಯದ ಕಸುಬಾಗಿತ್ತು. ಈಗಿನವರು ಅಧ್ಯಕ್ಷನ ಬೆನ್ನಿಗೆ ಬಹುಮಟ್ಟಿಗೆ ಬಹುಮತ ತಾನಾಗಿ ಬರುತ್ತಿದ್ದ ಕಾಲದಲ್ಲಿ ಬೆಳೆದವರು. ಪ್ರತಿ ಪಕ್ಷದ ನಾಯಕನ ಕಣ್ಣೂ 2027ರ ಅಧ್ಯಕ್ಷೀಯ ಚುನಾವಣೆಯ ಮೇಲೆ. ಈಗ ಕೈಜೋಡಿಸಿದರೆ ಆಗ ಮತ ಕಳೆದುಕೊಳ್ಳುತ್ತೇವೆ ಎಂಬ ಭಯ. 49.3 ಇದ್ದುದರಿಂದ ಮಾತುಕತೆಯ ಅಗತ್ಯವೇ ಬೀಳಲಿಲ್ಲ. 2023ರ ಮಾರ್ಚ್‌ನಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಗೆ ಸದನದಲ್ಲಿ ಮತ ಸಾಲದೆಂದು ಎಲಿಜಬೆತ್ ಬೋರ್ನ್ ಸರ್ಕಾರ ಅದೇ ಅಸ್ತ್ರ ಬಳಸಿತು. ನಂತರದ ಅವಿಶ್ವಾಸ ನಿರ್ಣಯ ಸೋತದ್ದು ಒಂಬತ್ತೇ ಮತಗಳಿಂದ. ಕಾನೂನು ಗೆದ್ದಿತು, ಬೀದಿಯ ಸಿಟ್ಟು ಮುಂದಿನ ಚುನಾವಣೆಗೆ ಕೂಡಿಟ್ಟ ಗಂಟಾಯಿತು.

2025ರ ಡಿಸೆಂಬರ್‌ನಲ್ಲಿ ಸಾಮಾಜಿಕ ಭದ್ರತೆಯ ಬಜೆಟ್ ಅದೇ ಸದನಕ್ಕೆ ಬಂದಾಗ ಲೆಕೋರ್ನು 49.3ಕ್ಕೆ ಕೈಹಾಕಲಿಲ್ಲ. ಸಮಾಜವಾದಿಗಳ ಜತೆ ವಾರಗಟ್ಟಲೆ ಕೂತು ಸಾಲುಸಾಲಾಗಿ ಚೌಕಾಸಿ ನಡೆಸಿದರು. ಡಿಸೆಂಬರ್ 9ರಂದು 234ಕ್ಕೆ ಪ್ರತಿಯಾಗಿ 247 ಮತಗಳಿಂದ ಅದು ದಾಟಿತು. ಸಮಾಜವಾದಿಗಳು ಅದಕ್ಕೆ ಕೇಳಿ ಪಡೆದ ಬೆಲೆ, 2023ರ ಆ ನಿವೃತ್ತಿ ಕಾನೂನನ್ನು ಅಧ್ಯಕ್ಷೀಯ ಚುನಾವಣೆ ಮುಗಿಯುವವರೆಗೆ ಅಮಾನತಿನಲ್ಲಿಡುವುದು.